‘ಮೊದಲ ಮಿಸ್ ಇಂಡಿಯಾ ಯಾರು?’: ಹಾಸನದ ರಸಪ್ರಶ್ನೆಯಲ್ಲಿ ಎದ್ದ ತಕರಾರು

ರಸಪ್ರಶ್ನೆ ನಡೆಸಿದವನು, ಹಾಸನ:

ಕಳೆದ ಭಾನುವಾರ ನಮ್ಮ ಬಳಗ ಹಾಸನದಲ್ಲಿ ಏರ್ಪಡಿಸಿದ್ದ ರಸಪ್ರಶ್ನೆಯ ಕೊನೆಯ ಸುತ್ತಿನಲ್ಲಿ ‘ಮೊದಲ ಮಿಸ್ ಇಂಡಿಯಾ ಯಾರು?’ ಎಂದು ಕೇಳಿದವನು ನಾನೇ. ನನ್ನ ಹಾಳೆಯಲ್ಲಿದ್ದ ಉತ್ತರ ಮೆಹರ್ ಕ್ಯಾಸ್ಟೆಲಿನೊ, 1964. ಚಿಕ್ಕಮಗಳೂರಿನ ತಂಡ ‘ಪ್ರಮೀಳಾ, 1947’ ಎಂದಿತು. ಬೇಲೂರಿನ ತಂಡ ‘ಇಂದ್ರಾಣಿ ರೆಹಮಾನ್, 1952’ ಎಂದಿತು. ಸಕಲೇಶಪುರದವರು ಬಾಯಿ ಬಿಡಲಿಲ್ಲ. ಎರಡೂ ಉತ್ತರ ತಪ್ಪೆಂದು ಹೇಳಿ ನಾನು ಮುಂದಿನ ಪ್ರಶ್ನೆಗೆ ಹೋದೆ. ಕೊನೆಗೆ ಎರಡೇ ಅಂಕಗಳ ಅಂತರದಲ್ಲಿ ಬಹುಮಾನ ಸಕಲೇಶಪುರದ ಪಾಲಾಯಿತು. ಅಂದಿನಿಂದ ಸೋತ ಎರಡೂ ತಂಡಗಳು ಫೋನಿನಲ್ಲಿ ನನ್ನನ್ನು ವಿಚಾರಿಸಿಕೊಳ್ಳುತ್ತಿರುವುದರಿಂದ ವಿಷಯವನ್ನು ಎಲ್ಲರ ಮುಂದಿಡುತ್ತಿದ್ದೇನೆ. ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ತಪ್ಪು ನನ್ನದೇ ಆಗಿದ್ದರೆ ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಚಿಕ್ಕಮಗಳೂರು ತಂಡದ ಸದಸ್ಯೆ:

ಸರ್, 1947 ಎಂಬುದು 1964ಕ್ಕಿಂತ ಮೊದಲು ಬರುತ್ತದೆ ಎಂಬುದಕ್ಕೆ ಬಲ್ಲವರ ಸಾಕ್ಷಿ ಬೇಕಾಗಿಲ್ಲ. ನೀವು ಕೇಳಿದ್ದು ‘ಮೊದಲ ಮಿಸ್ ಇಂಡಿಯಾ’ ಎಂದೇ ಹೊರತು ‘ಮೊದಲ ಫೆಮಿನಾ ಮಿಸ್ ಇಂಡಿಯಾ’ ಎಂದಲ್ಲ; 1964ರದು ಫೆಮಿನಾ ಪತ್ರಿಕೆಯ ಸ್ಪರ್ಧೆ. ನಮ್ಮ ವಾದ ಇಷ್ಟೇ.

ನಿವೃತ್ತ ಗ್ರಂಥಪಾಲಕ, ಚಿಕ್ಕಮಗಳೂರು:

ತಂಗಿಯ ಮಾತು ಸರಿ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಆರಂಭದಿಂದ ಇಂದಿನವರೆಗೆ ಒಂದೇ ಸಂಸ್ಥೆ ನಡೆಸಿಕೊಂಡು ಬಂದ ಒಂದೇ ಸ್ಪರ್ಧೆಗೆ ‘ಮಿಸ್ ಇಂಡಿಯಾ’ ಎಂದು ಹೆಸರು ಎಂಬುದು ನಮ್ಮೆಲ್ಲರ ತಿಳಿವಳಿಕೆ. ತಕರಾರು ಹುಟ್ಟಿರುವುದೇ ಅಲ್ಲಿಂದ. ಒಂದೇ ಬೋರ್ಡನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ತಮ್ಮ ತಮ್ಮ ಅಂಗಡಿಯ ಮುಂದೆ ತೂಗುಹಾಕಿದ್ದಾರೆ. ಕೆಲವು ವರ್ಷಗಳಲ್ಲಿ ಅದೇ ಬೋರ್ಡು ಎರಡು ಅಂಗಡಿಗಳ ಮುಂದೆಯೂ ಇತ್ತು.

1947ರ ಪ್ರಮೀಳಾ ಅವರಿಂದಲೇ ಆರಂಭಿಸುತ್ತೇನೆ. ಅದು ಬೆಳ್ಳಿತೆರೆಗಾಗಿ ಇಟ್ಟುಕೊಂಡ ಹೆಸರು. ಹುಟ್ಟುಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಕಲ್ಕತ್ತದ ಬಾಗ್ದಾದಿ ಯಹೂದಿ ಮನೆತನದಲ್ಲಿ 1916ರಲ್ಲಿ ಹುಟ್ಟಿದವರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಸಿನಿಮಾಕ್ಕೆ ಬರಬಾರದೆಂದು ಹಿಂದೂ ಮುಸ್ಲಿಂ ಕುಟುಂಬಗಳೆರಡೂ ತಡೆಯುತ್ತಿದ್ದ ಆ ದಿನಗಳಲ್ಲಿ ಮುಂಬಯಿ ಚಿತ್ರರಂಗದ ನಾಯಕಿಯರಲ್ಲಿ ಹಲವರು ಯಹೂದಿ ಮತ್ತು ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳೇ ಆಗಿದ್ದರು, ಪ್ರಮೀಳಾ ಅವರಲ್ಲೊಬ್ಬರು. ನಟನೆಯಷ್ಟರಲ್ಲೇ ನಿಲ್ಲದೆ ತಮ್ಮದೇ ಸಂಸ್ಥೆ ಕಟ್ಟಿ ಚಿತ್ರಗಳನ್ನೂ ನಿರ್ಮಿಸಿದರು. ಕಿರೀಟ ತೊಡುವಾಗ ಅವರಿಗೆ ಮೂವತ್ತು ವರ್ಷ. ಮದುವೆಯಾಗಿತ್ತು, ಮಕ್ಕಳಿದ್ದರು, ಜೊತೆಗೆ ತುಂಬು ಗರ್ಭಿಣಿಯಲ್ಲದಿದ್ದರೂ ಗರ್ಭಿಣಿಯಾಗಿದ್ದರು. ಇಪ್ಪತ್ತು ವರ್ಷಗಳ ಬಳಿಕ, 1967ರಲ್ಲಿ, ಅವರ ಮಗಳು ನಕಿ ಜಹಾನ್ ಈವ್ಸ್ ವೀಕ್ಲಿ ಪತ್ರಿಕೆಯ ಮಿಸ್ ಇಂಡಿಯಾ ಆದರು. ತಾಯಿ ಮಗಳಿಬ್ಬರೂ ಈ ಬಿರುದು ಪಡೆದ ನಿದರ್ಶನ ಇದೊಂದೇ.

ಪ್ರಮೀಳಾ ಅವರು ಗೆದ್ದಾಗ ಮಿಸ್ ವರ್ಲ್ಡ್ ಇರಲಿಲ್ಲ, ಮಿಸ್ ಯೂನಿವರ್ಸ್ ಇರಲಿಲ್ಲ. ಆದ್ದರಿಂದ ವಿಜೇತೆಯನ್ನು ಕಳುಹಿಸಲು ಮುಂದಿನ ಮೆಟ್ಟಿಲೇ ಇರಲಿಲ್ಲ. ಇವತ್ತು ನಾವು ‘ಮಿಸ್ ಇಂಡಿಯಾ’ ಎಂದಾಗ ಮನಸ್ಸಿನಲ್ಲಿರುವುದು ಆ ಮೆಟ್ಟಿಲೇ ಆದ್ದರಿಂದ ಕೆಲವರು 1947ನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ.

ಬೇಲೂರು ತಂಡದ ಸದಸ್ಯ:

ಬೇಲೂರಿನವನಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಸೌಂದರ್ಯದ ಮಾತು ಬಂದ ಕೂಡಲೇ ನಮ್ಮೂರಿನ ದರ್ಪಣಸುಂದರಿಯನ್ನು ಎಳೆದು ತರುವ ಅಭ್ಯಾಸ ಈ ಸೀಮೆಯಲ್ಲಿ ಎಲ್ಲರಿಗೂ ಇದೆ, ನಾನು ತರುವುದಿಲ್ಲ. ಆಕೆ ಯಾರ ಎದುರೂ ಸ್ಪರ್ಧೆಗೆ ನಿಂತವಳಲ್ಲ.

ನಾವು 1952 ಎಂದದ್ದಕ್ಕೆ ಕಾರಣ ಗ್ರಂಥಪಾಲಕರು ಹೇಳಿದ ಆ ಮೆಟ್ಟಿಲೇ. ಲಂಡನ್ನಿನಲ್ಲಿ ಎರಿಕ್ ಮಾರ್ಲಿ ಎಂಬವರು 1951ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಉತ್ಸವದ ಸಂದರ್ಭದಲ್ಲಿ, ಈಜುಡುಗೆಯ ಸ್ಪರ್ಧೆಯೊಂದನ್ನು ನಡೆಸಿದರು. ಅದೇ ಮಿಸ್ ವರ್ಲ್ಡ್ ಆಯಿತು. ಅಮೆರಿಕದಲ್ಲಿ ಮಿಸ್ ಅಮೆರಿಕ ಗೆದ್ದ ಯೋಲಾಂಡ್ ಬೆಟ್‌ಬೀಜ್ ಈಜುಡುಗೆ ತೊಟ್ಟು ಪ್ರಚಾರ ಮಾಡುವುದಿಲ್ಲವೆಂದು ಹಟ ಹಿಡಿದಾಗ ಪ್ರಾಯೋಜಕರಾಗಿದ್ದ ಕ್ಯಾಟಲಿನಾ ಈಜುಡುಗೆ ಕಂಪನಿಯವರು ಸಿಟ್ಟಾಗಿ ತಮ್ಮದೇ ಸ್ಪರ್ಧೆ ಹುಟ್ಟುಹಾಕಿದರು. 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಡೆದ ಆ ಮೊದಲ ಮಿಸ್ ಯೂನಿವರ್ಸ್‌ಗೆ ಭಾರತದಿಂದ ಹೋದವರು ಇಂದ್ರಾಣಿ ರೆಹಮಾನ್. ಫಿನ್ಲೆಂಡಿನ ಆರ್ಮಿ ಕುಸೆಲಾ ಗೆದ್ದರು. ಇಂದ್ರಾಣಿ ಅವರು ಬರಿಗೈಯಲ್ಲಿ ಬಂದರೂ ಮುಂದೆ ಭರತನಾಟ್ಯ, ಕೂಚಿಪುಡಿ, ಒಡಿಸ್ಸಿಗಳನ್ನು ಹೊರದೇಶಗಳ ವೇದಿಕೆಗೆ ಒಯ್ದ ಕಲಾವಿದೆಯಾಗಿ ಹೆಸರಾದರು. ಅವರ ತಾಯಿ ರಾಗಿಣಿ ದೇವಿ ಅಮೆರಿಕದಲ್ಲಿ ಹುಟ್ಟಿ, ಭಾರತೀಯ ನೃತ್ಯಕ್ಕೆ ಮನಸೋತು, ಹೆಸರು ಬದಲಿಸಿಕೊಂಡು ಇಲ್ಲಿಗೆ ಬಂದವರು. ಗಂಡ ಹಬೀಬ್ ರೆಹಮಾನ್ ಹೆಸರಾಂತ ವಾಸ್ತುಶಿಲ್ಪಿ. ದೇಶದ ಹೆಸರು ಹೊತ್ತು ಹೊರಗೆ ನಿಂತ ಮೊದಲಿಗರೇ ಮೊದಲ ಮಿಸ್ ಇಂಡಿಯಾ ಎಂಬುದು ನಮ್ಮ ಲೆಕ್ಕ.

ಕಳಸದಕ್ಕ:

ನಾನು ಸ್ಪರ್ಧೆಗಳನ್ನು ಹಿಂಬಾಲಿಸಿದವಳಲ್ಲ. ಕಾಫಿ ಕೊಯ್ಲಿನ ನಡುವೆ ಸಂಜೆ ಹೊತ್ತು ಇದನ್ನು ಓದುತ್ತಿದ್ದೇನೆ. ನನಗೊಂದು ಸಂಶಯ. 1947ರವರಿಗೂ ಮದುವೆಯಾಗಿತ್ತು, ಮಕ್ಕಳಿದ್ದರು ಎನ್ನುತ್ತೀರಿ. 1952ರವರಿಗೂ ಗಂಡನಿದ್ದರು ಎನ್ನುತ್ತೀರಿ. ‘ಮಿಸ್’ ಎಂದರೆ ಮದುವೆಯಾಗದವಳು ಎಂದಲ್ಲವೇ? ನಾವು ಹುಡುಗಿಯರಾಗಿದ್ದಾಗ ಇಂಥ ಸ್ಪರ್ಧೆಗಳಿಗೆ ಮದುವೆಯಾದವರನ್ನು ಸೇರಿಸುತ್ತಿರಲಿಲ್ಲ ಎಂಬ ನೆನಪು.

ನಿವೃತ್ತ ಗ್ರಂಥಪಾಲಕ, ಚಿಕ್ಕಮಗಳೂರು:

ಅಕ್ಕ, ನಿಮ್ಮ ನೆನಪು ಸರಿಯಾಗಿದೆ, ಸಂಶಯವೂ ಸರಿಯಾಗಿದೆ. ಇಂದ್ರಾಣಿ ಅವರಿಗೂ ಆಗಲೇ ಮಗುವಿತ್ತು. ಅವಿವಾಹಿತೆಯೇ ಆಗಿರಬೇಕೆಂಬ ಕಟ್ಟುಪಾಡು ಬಿಗಿಯಾದದ್ದು ಆಮೇಲೆ. ಸಂಪ್ರದಾಯವೆಂದು ನಾವು ತಿಳಿದದ್ದು ಇಲ್ಲಿ ನಡುವೆ ಬಂದದ್ದು. ಮಿಸ್ ಯೂನಿವರ್ಸ್‌ನವರು 2023ರಿಂದ ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ತೆರೆದು, 2024ರಲ್ಲಿ ವಯಸ್ಸಿನ ಮಿತಿಯನ್ನೂ ಕಿತ್ತುಹಾಕಿದಾಗ ಪತ್ರಿಕೆಗಳು ಅದನ್ನು ದೊಡ್ಡ ಕ್ರಾಂತಿಯೆಂದು ಬರೆದವು. ಪ್ರಮೀಳಾ ಅವರು ಬದುಕಿದ್ದರೆ ನಕ್ಕುಬಿಡುತ್ತಿದ್ದರೇನೋ.

ಈಗ 1964ಕ್ಕೆ ಬರೋಣ. ಐವತ್ತರ ದಶಕದಲ್ಲಿ ಮಿಸ್ ಇಂಡಿಯಾ ಪ್ರತಿ ವರ್ಷ ತಪ್ಪದೆ ನಡೆದ ಸ್ಪರ್ಧೆಯಲ್ಲ. 1954ರಲ್ಲಿ ಲೀಲಾ ನಾಯ್ಡು ಗೆದ್ದರು. 1959ರಲ್ಲಿ ಫ್ಲೋರ್ ಎಜಿಕೀಲ್ ಮಿಸ್ ವರ್ಲ್ಡ್‌ಗೆ ಹೋದರು. ಈ ಹೊತ್ತಿಗೆ ಮಹಿಳಾ ಪತ್ರಿಕೆಗಳು ರಂಗಕ್ಕೆ ಇಳಿದಿದ್ದವು. ಈವ್ಸ್ ವೀಕ್ಲಿ ಮೊದಲಿಂದಲೂ ಇತ್ತು. ಟೈಮ್ಸ್ ಆಫ್ ಇಂಡಿಯಾ ಬಳಗ 1959ರಲ್ಲಿ ಫೆಮಿನಾವನ್ನು ಆರಂಭಿಸಿ, 1964ರಲ್ಲಿ ತನ್ನದೇ ಮಿಸ್ ಇಂಡಿಯಾ ನಡೆಸಿತು. ಆಗ ಗೆದ್ದು ಮಿಸ್ ಯೂನಿವರ್ಸ್‌ಗೆ ಹೋದವರು ಮೆಹರ್ ಕ್ಯಾಸ್ಟೆಲಿನೊ. ಆಗಿನ್ನೂ ಮೆಹರ್ ಮಿಸ್ತ್ರಿ. ಮರುವರ್ಷದ ಪರ್ಸಿಸ್ ಖಂಬಾಟಾ ಮುಂದೆ ಹಾಲಿವುಡ್ಡಿಗೆ ಹೋಗಿ, 1979ರಲ್ಲಿ ತೆರೆಕಂಡ ಚಿತ್ರವೊಂದಕ್ಕಾಗಿ ತಲೆ ಬೋಳಿಸಿಕೊಂಡು ಜಗತ್ತಿಗೆ ಪರಿಚಯವಾದರು. ಸೌಂದರ್ಯರಾಣಿಯೊಬ್ಬರ ಪ್ರಸಿದ್ಧಿಗೆ ಬೋಳುತಲೆ ಕಾರಣವಾದದ್ದು ನನಗೆ ಇಂದಿಗೂ ಇಷ್ಟವಾದ ಸಂಗತಿ.

ಎರಡು ಪತ್ರಿಕೆಗಳು, ಎರಡು ಮಿಸ್ ಇಂಡಿಯಾ. 1966ರಲ್ಲಿ ಫೆಮಿನಾದ ವಿಜೇತೆ ಯಾಸ್ಮಿನ್ ದಾಜಿ. ಈವ್ಸ್ ವೀಕ್ಲಿಯ ವಿಜೇತೆ ರೀಟಾ ಫಾರಿಯಾ. ಆ ವರ್ಷದ ಮಿಸ್ ಇಂಡಿಯಾ ಯಾರೆಂದು ಯಾರಾದರೂ ಕೇಳಿದರೆ ಎರಡು ಹೆಸರನ್ನೂ ಹೇಳದೆ ವಿಧಿಯಿಲ್ಲ. ರೀಟಾ ಫಾರಿಯಾ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಯಾರಿಂದಲೋ ಎರವಲು ತಂದ ಬಟ್ಟೆಬರೆ ಕಟ್ಟಿಕೊಂಡು ಲಂಡನ್ನಿಗೆ ಹೋಗಿ, 1966ರ ನವೆಂಬರ್ 17ರಂದು ಮಿಸ್ ವರ್ಲ್ಡ್ ಆದರು; ಏಷ್ಯಾದಿಂದ ಆ ಕಿರೀಟ ಗೆದ್ದವರಲ್ಲಿ ಅವರೇ ಮೊದಲಿಗರು. ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಅಮೆರಿಕದ ಹಾಸ್ಯನಟ ಬಾಬ್ ಹೋಪ್ ಅವರ ತಂಡದೊಂದಿಗೆ ವಿಯೆಟ್ನಾಮಿಗೆ ಹೋಗಿ ಅಮೆರಿಕದ ಸೈನಿಕರ ಮುಂದೆ ಕಾಣಿಸಿಕೊಂಡದ್ದಕ್ಕೆ ಭಾರತದಲ್ಲಿ ಕಟು ಟೀಕೆ ಕೇಳಿಬಂತು. ಒಂದು ವರ್ಷ ಮುಗಿದೊಡನೆ ಚಿತ್ರರಂಗದ ಕಡೆ ತಿರುಗಿಯೂ ನೋಡದೆ ಓದು ಮುಂದುವರಿಸಿ, ವೈದ್ಯೆಯಾಗಿ, ಡಬ್ಲಿನ್ನಿನಲ್ಲಿ ನೆಲೆಸಿದರು. ಈ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ಬದುಕು ಅವರದು. ಆದರೆ ಅದು ನನ್ನ ತಲೆಮಾರಿನ ಪಕ್ಷಪಾತವಿರಬಹುದು.

ಹಸಿರುಶಾಲು, ಅರಸೀಕೆರೆ:

ಮೇಷ್ಟ್ರೇ, ತಾವು ಗ್ರಂಥಪಾಲಕರಾದರೂ ಹಾಗೆಯೇ ಕರೆಯುತ್ತೇನೆ. ಇಷ್ಟು ಹೊತ್ತು ಯಾರು ಗೆದ್ದರು ಎಂಬುದನ್ನೇ ಬರೆದಿದ್ದೀರಿ, ಯಾರು ವಿರೋಧಿಸಿದರು ಎಂಬುದನ್ನು ಬರೆದಿಲ್ಲ. ಇತಿಹಾಸವೆಂದರೆ ಅದೂ ಸೇರಬೇಕು. ನಮ್ಮ ಸೀಮೆಗೆ ಈ ವಿಷಯ ತಗುಲಿದ್ದೇ ಅಲ್ಲಿ.

1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆಯಿತು. ನಡೆಸಿದವರು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಆಗ ಪ್ರಧಾನಿಯಾಗಿದ್ದವರು ನಮ್ಮ ಹೊಳೆನರಸೀಪುರದ ದೇವೇಗೌಡರು, ಮುಖ್ಯಮಂತ್ರಿ ಜೆ.ಎಚ್. ಪಟೇಲರು. ಪಟೇಲರ ಸರ್ಕಾರ ಸ್ಪರ್ಧೆಯ ಬೆನ್ನಿಗೆ ನಿಂತಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘ ಎದುರು ನಿಂತಿತು. ನಾನು ಆಗ ಹಾಸನದ ಕಾಲೇಜೊಂದರಲ್ಲಿ ಓದುತ್ತಿದ್ದೆ. ನಮ್ಮ ಊರಿನ ಹಿರಿಯರ ಜೊತೆ ಸರ್ಕಾರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದವರಲ್ಲಿ ನಾನೂ ಒಬ್ಬ. ಕ್ರೀಡಾಂಗಣದ ಹತ್ತಿರಕ್ಕೂ ನಮ್ಮನ್ನು ಬಿಡಲಿಲ್ಲ, ದಾರಿಯುದ್ದಕ್ಕೂ ಪೊಲೀಸರು.

ರೈತರಿಗೂ ರೂಪಸಿಯರಿಗೂ ಏನು ಸಂಬಂಧ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. 1992ರ ಕೊನೆಯಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು, 1996ರ ಜನವರಿಯಲ್ಲಿ ಕೆಂಟಕಿ ಚಿಕನ್ ಅಂಗಡಿಯ ಮೇಲೆ ಬಿದ್ದದ್ದು, ಅದೇ ನವೆಂಬರ್‌ನಲ್ಲಿ ಈ ಸ್ಪರ್ಧೆಯನ್ನು ತಡೆಯಲು ಹೋದದ್ದು, ಇವು ಮೂರೂ ನಮ್ಮ ಸಂಘಕ್ಕೆ ಒಂದೇ ಹೋರಾಟವಾಗಿದ್ದವು. ಬೀಜದಿಂದ ಹಿಡಿದು ಮೈಬಣ್ಣದವರೆಗೆ ಎಲ್ಲವನ್ನೂ ಕಂಪನಿಗಳೇ ನಿಗದಿಪಡಿಸುವ ಕಾಲ ಬರುತ್ತಿದೆ ಎಂಬುದು ಆಗಿನ ನಮ್ಮ ಭಾಷಣಗಳ ಸಾರ.

ಒಬ್ಬ ಹಳೆಯ ವಿದ್ಯಾರ್ಥಿನಿ, ಹಾಸನ:

ಅಣ್ಣ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಬಣ್ಣವನ್ನಷ್ಟೇ ಹೇಳಿದ್ದೀರಿ. ಆ ವಿರೋಧಕ್ಕೆ ಒಂದೇ ದನಿ ಇರಲಿಲ್ಲ. ಹೆಣ್ಣಿನ ದೇಹವನ್ನು ಸರಕಾಗಿಸಬಾರದೆಂದು ಎಡಪಂಥೀಯ ಮಹಿಳಾ ಸಂಘಟನೆಗಳು ಬೀದಿಗೆ ಬಂದವು. ಭಾರತೀಯ ನಾರಿಯ ಮಾನ ಹೋಗುತ್ತದೆಂದು ಸಂಸ್ಕೃತಿಯ ಹೆಸರಿನಲ್ಲಿ ಬಲಪಂಥೀಯರು ಬಂದರು. ಆತ್ಮಾಹುತಿ ಮಾಡಿಕೊಳ್ಳುತ್ತೇವೆಂದು ಬೆಂಗಳೂರಿನ ಒಂದು ಮಹಿಳಾ ಗುಂಪು ಎಚ್ಚರಿಕೆ ಕೊಟ್ಟಿತು. ದೂರದ ಮದುರೆಯಲ್ಲಿ ಯುವಕನೊಬ್ಬ ನಿಜವಾಗಿಯೇ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಒಂದೇ ಘೋಷಣೆಯ ಹಿಂದೆ ಇದ್ದ ಈ ಕಾರಣಗಳು ಒಂದಕ್ಕೊಂದು ಹೊಂದುವಂಥವೇ ಅಲ್ಲ. ನಾನು ಆಗ ಪಿಯುಸಿಯಲ್ಲಿದ್ದೆ. ನಮ್ಮ ಹಾಸ್ಟೆಲಿನ ಹುಡುಗಿಯರು ಸ್ಪರ್ಧೆಯನ್ನು ಟಿವಿಯಲ್ಲಿ ನೋಡಕೂಡದೆಂದು ತೀರ್ಮಾನಿಸಿದವರು ಯಾವ ಹುಡುಗಿಯನ್ನೂ ಕೇಳಿರಲಿಲ್ಲ. ಕಂಪನಿಯವರು ನಮ್ಮನ್ನು ಕೇಳದೆ ಅಳತೆ ನಿಗದಿಪಡಿಸಿದರೆ ತಪ್ಪು. ವಿರೋಧಿಸಿದವರು ನಮ್ಮನ್ನು ಕೇಳದೆ ಮಾನ ನಿಗದಿಪಡಿಸಿದರೆ ಅದು ಸರಿಯೇ?

ಇನ್ನೊಂದು ವಿವರ. ಗಲಾಟೆಗೆ ಹೆದರಿ ಈಜುಡುಗೆಯ ಸುತ್ತನ್ನು ಬೆಂಗಳೂರಿನಿಂದ ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಿದರು. 88 ದೇಶಗಳ ಹುಡುಗಿಯರ ನಡುವೆ ಗ್ರೀಸಿನ ಐರೀನ್ ಸ್ಕ್ಲೀವಾ ಗೆದ್ದರು. ಭಾರತದ ಪರವಾಗಿ ನಿಂತಿದ್ದವರು ಬೆಂಗಳೂರಿನ ಹುಡುಗಿಯೇ, ರಾಣಿ ಜೆಯರಾಜ್. ಕೊನೆಯ ಐವರವರೆಗೆ ಬಂದರು. ತಮ್ಮೂರಿನಲ್ಲಿ ವಿಶ್ವ ವೇದಿಕೆ ಹತ್ತಿದ ಆ ಹುಡುಗಿಯ ಹೆಸರು ಈ ಸೀಮೆಯಲ್ಲಿ ಯಾರಿಗೂ ನೆನಪಿಲ್ಲ, ಗಲಾಟೆ ಮಾತ್ರ ಎಲ್ಲರಿಗೂ ನೆನಪಿದೆ.

ಹಸಿರುಶಾಲು, ಅರಸೀಕೆರೆ:

ಹಾಸ್ಟೆಲಿನ ಮಾತನ್ನು ಒಪ್ಪಿದೆ, ತಂಗಿ. ನಮ್ಮ ಸಭೆಗಳಲ್ಲೂ ಈ ವಿಷಯದ ಮೇಲೆ ಮಾತಾಡಿದವರೆಲ್ಲ ಗಂಡಸರೇ. ಆದರೆ ಕಂಪನಿಗಳ ಬಗ್ಗೆ ನಮ್ಮ ಅಂದಾಜು ತಪ್ಪಿತ್ತೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ನಿವೃತ್ತ ಗ್ರಂಥಪಾಲಕ, ಚಿಕ್ಕಮಗಳೂರು:

ಅಂದಾಜಿನ ವಿಷಯಕ್ಕೆ ಒಂದೆರಡು ವರ್ಷ ಹಿಂದೆ ಹೋಗಬೇಕು. 1966ರಿಂದ 1994ರವರೆಗೆ ಮಿಸ್ ವರ್ಲ್ಡ್ ಆಗಲಿ ಮಿಸ್ ಯೂನಿವರ್ಸ್ ಆಗಲಿ ಭಾರತಕ್ಕೆ ದಕ್ಕಲಿಲ್ಲ. ನಡುವೆ 1970ರಲ್ಲಿ ಜೀನತ್ ಅಮಾನ್ ಏಷ್ಯಾ ಪೆಸಿಫಿಕ್ ಬಿರುದು ತಂದರು; 1992ರಲ್ಲಿ ಮಧು ಸಪ್ರೆ ಮಿಸ್ ಯೂನಿವರ್ಸ್‌ನಲ್ಲಿ ಮೂರನೆಯವರಾದರು. ದೇಶದ ನಾಯಕಿಯಾದರೆ ಮೊದಲು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, ಬಡತನ ಒಂದೆರಡು ವರ್ಷದಲ್ಲಿ ಹೋಗುವುದಲ್ಲ, ಒಳ್ಳೆಯ ಕ್ರೀಡಾಂಗಣ ಕಟ್ಟಿಸುತ್ತೇನೆ ಎಂಬರ್ಥದ ಉತ್ತರ ಕೊಟ್ಟದ್ದರಿಂದಲೇ ಕಿರೀಟ ಕೈತಪ್ಪಿತೆಂದು ಬಹಳ ಜನ ನಂಬಿದ್ದಾರೆ. ಸ್ವತಃ ಕ್ರೀಡಾಪಟುವಾಗಿದ್ದವರು ಕೊಟ್ಟ ಪ್ರಾಮಾಣಿಕ ಉತ್ತರವದು.

1994ರ ಫೆಮಿನಾ ಮಿಸ್ ಇಂಡಿಯಾದಲ್ಲಿ ಸುಷ್ಮಿತಾ ಸೇನ್ ಮತ್ತು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಇಬ್ಬರಿಗೂ ಸಮ ಅಂಕ ಬಂತು. ಗಂಟು ಬಿಡಿಸಲು ಮತ್ತೊಂದು ಪ್ರಶ್ನೆ ಕೇಳಿದರು. ದೇಶದ ಜವಳಿ ಪರಂಪರೆಯ ಬಗ್ಗೆ ಕೇಳಿದ ಪ್ರಶ್ನೆಗೆ ಸುಷ್ಮಿತಾ ಗಾಂಧೀಜಿಯ ಖಾದಿಯಿಂದ ಆರಂಭಿಸಿ ಉತ್ತರಿಸಿದರು. ಅಂದು ಅವರು ತೊಟ್ಟ ಉಡುಪನ್ನು ಹೊಲಿದವರು ದೆಹಲಿಯ ಸರೋಜಿನಿ ನಗರ ಮಾರುಕಟ್ಟೆಯ ಒಬ್ಬ ದರ್ಜಿ, ಕೈಗವಸು ಕಾಲುಚೀಲದಿಂದ ಮಾಡಿದ್ದು ಎಂದು ಆಮೇಲೆ ಅವರೇ ಹೇಳಿಕೊಂಡರು. ಮೇ 21ರಂದು ಮನಿಲಾದಲ್ಲಿ ಸುಷ್ಮಿತಾ ಮಿಸ್ ಯೂನಿವರ್ಸ್ ಆದರು, ನವೆಂಬರ್ 19ರಂದು ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ಮಿಸ್ ವರ್ಲ್ಡ್ ಆದರು. 1997ರಲ್ಲಿ ಡಯಾನಾ ಹೇಡನ್, 1999ರಲ್ಲಿ ಯುಕ್ತಾ ಮುಖಿ; 2000ದಲ್ಲಿ ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ, ಪ್ರಿಯಾಂಕಾ ಚೋಪ್ರಾ, ದಿಯಾ ಮಿರ್ಜಾ ಮೂವರೂ ಒಂದೊಂದು ಕಿರೀಟ ತಂದರು. ಉದಾರೀಕರಣ ಆರಂಭವಾದದ್ದು 1991ರಲ್ಲಿ, ವಿದೇಶಿ ಪ್ರಸಾಧನ ಕಂಪನಿಗಳು ಇಲ್ಲಿ ಮಾರುಕಟ್ಟೆ ಹುಡುಕುತ್ತಿದ್ದದ್ದು ಅದೇ ದಶಕದಲ್ಲಿ ಎಂಬುದನ್ನು ಈ ವರ್ಷಗಳ ಪಕ್ಕದಲ್ಲಿಟ್ಟು ನೋಡುವವರು ಅಂದೂ ಇದ್ದರು. ಹುಡುಗಿಯರ ಶ್ರಮವನ್ನು ಅದರಿಂದ ಅಲ್ಲಗಳೆದಂತೆ ಆಗುವುದಿಲ್ಲ. ಅವರ ತರಬೇತಿಗೆ ಫೆಮಿನಾ ಆಗ ತೊಡಗಿಸಿದ್ದ ಶಿಸ್ತು ಹಿಂದೆ ಇರಲಿಲ್ಲ. ಆ ಸುಗ್ಗಿ ಮುಗಿದ ಮೇಲೆ ಮತ್ತೊಂದು ಮಿಸ್ ವರ್ಲ್ಡ್ ಬರಲು 2017ರ ಮಾನುಷಿ ಛಿಲ್ಲರ್‌ವರೆಗೆ ಕಾಯಬೇಕಾಯಿತು. ಅವರೂ ವೈದ್ಯಕೀಯ ವಿದ್ಯಾರ್ಥಿನಿ.

ಬೋರ್ಡು ಕೈಬದಲಾಗುವುದು ಇನ್ನೂ ನಿಂತಿಲ್ಲ. 2010ರಲ್ಲಿ ಮಿಸ್ ಯೂನಿವರ್ಸ್‌ಗೆ ಕಳುಹಿಸುವ ಹಕ್ಕು ಫೆಮಿನಾದಿಂದ ಸುಷ್ಮಿತಾ ಸೇನ್ ಅವರ ಸಂಸ್ಥೆಗೆ ಹೋಯಿತು, 2013ರಲ್ಲಿ ಮಿಸ್ ದಿವಾ ಎಂಬ ಹೆಸರಿನಲ್ಲಿ ಟೈಮ್ಸ್ ಬಳಗಕ್ಕೆ ಮರಳಿತು, 2024ರಲ್ಲಿ ಮತ್ತೆ ಬೇರೆಯವರ ಪಾಲಾಯಿತು.

ತರೀಕೆರೆಯ ಹುಡುಗಿ:

ಹಿರಿಯರ ನಡುವೆ ಮಾತಾಡುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮೂರಿನಿಂದ ಕೂಗಳತೆಯಲ್ಲಿರುವ ಭದ್ರಾವತಿಯ ಆಶಾ ಭಟ್ ಅವರನ್ನು ಇಲ್ಲಿ ಯಾರೂ ನೆನೆಯಲಿಲ್ಲ. ಅವರು 2014ರಲ್ಲಿ ಪೋಲೆಂಡಿನಲ್ಲಿ ಮಿಸ್ ಸುಪ್ರಾನ್ಯಾಷನಲ್ ಆದರು. ಭಾರತಕ್ಕೆ ಆ ಕಿರೀಟ ಬಂದದ್ದು ಅದೇ ಮೊದಲು. ಎರಡು ವರ್ಷಗಳ ಬಳಿಕ ಮಂಗಳೂರಿನ ಶ್ರೀನಿಧಿ ಶೆಟ್ಟಿ ಅದೇ ಬಿರುದು ತಂದರು. ಇಬ್ಬರೂ ಎಂಜಿನಿಯರಿಂಗ್ ಓದಿದವರು. ಅದಕ್ಕೂ ಮೊದಲು, 2010ರಲ್ಲಿ, ಬೆಂಗಳೂರಿನ ನಿಕೋಲ್ ಫಾರಿಯಾ ಮಿಸ್ ಅರ್ಥ್ ಆಗಿದ್ದರು. ಕಾಗದದ ಕಾರ್ಖಾನೆ, ಕಬ್ಬಿಣದ ಕಾರ್ಖಾನೆ ಎಂದಷ್ಟೇ ಹೆಸರಾಗಿದ್ದ ಊರಿನಿಂದ ಒಬ್ಬರು ಹೋದರು ಎಂದಾಗ ನಮ್ಮ ಶಾಲೆಯಲ್ಲಿ ಆದ ಸಂಭ್ರಮ ನನಗೆ ನೆನಪಿದೆ.

ಇನ್ನೊಂದು ಮಾತು. 2017ರಿಂದ ಫೆಮಿನಾದವರು ರಾಜ್ಯಕ್ಕೊಬ್ಬರಂತೆ ಆರಿಸುತ್ತಿದ್ದಾರೆ. 2022ರಲ್ಲಿ ಕರ್ನಾಟಕದ ಹೆಸರಿನಲ್ಲಿ ಗೆದ್ದ ಸಿನಿ ಶೆಟ್ಟಿ ಹುಟ್ಟಿದ್ದು ಮುಂಬಯಿಯಲ್ಲಿ, ಮೂಲ ಉಡುಪಿ ಸೀಮೆ. ಅದರ ಬಗ್ಗೆ ನನ್ನ ತಕರಾರಿಲ್ಲ. 2019ರಲ್ಲಿ ರಾಜ್ಯವಾರು ಸ್ಪರ್ಧಿಗಳೆಲ್ಲರ ಚಿತ್ರಗಳನ್ನು ಒಟ್ಟಿಗೆ ಪತ್ರಿಕೆಯಲ್ಲಿ ಅಚ್ಚು ಹಾಕಿದಾಗ ಎಲ್ಲರ ಮೈಬಣ್ಣವೂ ಒಂದೇ ಆಗಿ ಕಂಡದ್ದರ ಬಗ್ಗೆ ತಕರಾರಿದೆ. ದೇಶದ ಮೂಲೆಮೂಲೆಯಿಂದ ಆರಿಸಿ ತಂದವರು ಒಬ್ಬಳೇ ಹುಡುಗಿಯ ಹಲವು ಚಿತ್ರಗಳಂತೆ ಕಾಣುತ್ತಿದ್ದರು. ಅರಸೀಕೆರೆಯ ಅಣ್ಣ ಮೈಬಣ್ಣದ ಮಾತೆತ್ತಿದಾಗ ನನಗೆ ನೆನಪಾದದ್ದು ಆ ಚಿತ್ರ.

ಕಳಸದಕ್ಕ:

ಆ ಚಿತ್ರವನ್ನು ನಾನೂ ನೋಡಿದ್ದೆ, ಮಗಳೇ. ನಮ್ಮ ತೋಟದ ಕೆಲಸಕ್ಕೆ ಬರುವ ಹೆಣ್ಣಾಳುಗಳಲ್ಲೇ ಅದಕ್ಕಿಂತ ಹೆಚ್ಚು ಬಣ್ಣಗಳಿವೆ.

ರಸಪ್ರಶ್ನೆ ನಡೆಸಿದವನು, ಹಾಸನ:

ಎಲ್ಲರಿಗೂ ಕೃತಜ್ಞ. ಇಷ್ಟನ್ನು ಓದಿದ ಮೇಲೆ ನನ್ನ ತೀರ್ಮಾನ ಹೀಗಿದೆ. ನನ್ನ ಪ್ರಶ್ನೆಯೇ ಕೆಟ್ಟದಾಗಿತ್ತು. ಬಿರುದು ಪಡೆದ ಮೊದಲಿಗರು ಪ್ರಮೀಳಾ, ವಿಶ್ವ ವೇದಿಕೆಯಲ್ಲಿ ನಿಂತ ಮೊದಲಿಗರು ಇಂದ್ರಾಣಿ ರೆಹಮಾನ್, ಫೆಮಿನಾದ ಮೊದಲಿಗರು ಮೆಹರ್ ಕ್ಯಾಸ್ಟೆಲಿನೊ ಎಂದು ಹಾಳೆಯನ್ನು ತಿದ್ದಿಕೊಂಡಿದ್ದೇನೆ. ಚಿಕ್ಕಮಗಳೂರು ಮತ್ತು ಬೇಲೂರಿನ ತಂಡಗಳಿಗೆ ತಲಾ ಎರಡು ಅಂಕ ಕೊಡುತ್ತೇನೆ. ಅದರಿಂದ ಮೂರೂ ತಂಡಗಳ ಅಂಕ ಸಮವಾಗುತ್ತದೆ ಎಂಬುದು ಕೂಡಿಸಿ ನೋಡಿದ ಮೇಲಷ್ಟೇ ನನಗೆ ಹೊಳೆಯಿತು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಸಭಾಂಗಣದಲ್ಲಿ ಗಂಟು ಬಿಡಿಸುವ ಒಂದು ಪ್ರಶ್ನೆ ಇರುತ್ತದೆ.

ಸಕಲೇಶಪುರ ತಂಡದ ಸದಸ್ಯ:

ಬರುತ್ತೇವೆ ಸರ್. ಬಹುಮಾನದ ಬಟ್ಟಲಿಗೆ ಆಗಲೇ ನಮ್ಮ ಹೆಸರು ಕೆತ್ತಿಸಿದ್ದೇವೆ; ಅದರ ಖರ್ಚು ಯಾರದು ಎಂಬುದನ್ನೂ ಅಂದೇ ತೀರ್ಮಾನಿಸಬೇಕಾಗಿ ವಿನಂತಿ.